ರೆಕ್ಕೆಯಿಂದ ಎಂಜಿನಿಗೆ: ವಿಮಾನದ ಎಣ್ಣೆ ಸಾಗುವ ಹಾದಿ

ಚಿಮಿಣಿ ಎಣ್ಣೆಯ ಪಂಪ್ ಸ್ಟೌ ನಿಮಗೆ ನೆನಪಿದೆಯೇ? ನೀವು ಬಳಸಿರದಿದ್ದರೂ ನಿಮ್ಮ ತಾಯಿಯೋ ಅಜ್ಜಿಯೋ ಖಂಡಿತ ಬಳಸಿರುತ್ತಾರೆ. ಹಿತ್ತಾಳೆಯ ಹೊಟ್ಟೆ, ಮೂರು ಕಾಲು, ಬದಿಯಲ್ಲೊಂದು ಪಂಪು. ಪಂಪು ಹೊಡೆದಷ್ಟೂ ಒಳಗಿನ ಎಣ್ಣೆ ಮೇಲೇರಿ ಸಣ್ಣ ತೂತಿನಿಂದ ಚಿಮ್ಮಿ ನೀಲಿ ಜ್ವಾಲೆಯಾಗಿ ಉರಿಯುತ್ತಿತ್ತು. ಆ ತೂತಿಗೆ ಕಸ ಸಿಕ್ಕಿಕೊಂಡರೆ ಜ್ವಾಲೆ ಕುಗ್ಗುತ್ತಿತ್ತು. ಆಗ ಪಿನ್ನು ಹುಡುಕುವುದೇ ದೊಡ್ಡ ಕೆಲಸ. ಇನ್ನು ರೇಷನ್ ಅಂಗಡಿಯ ಎಣ್ಣೆಯಲ್ಲಿ ನೀರೇನಾದರೂ ಸೇರಿದ್ದರೆ ಕೇಳುವುದೇ ಬೇಡ. ಸ್ಟೌ ಚಟಪಟ ಎಂದು ಸದ್ದು ಮಾಡಿ, ಒಮ್ಮೆ ಭುಗಿಲೆದ್ದು, ಆರಿಯೇ ಹೋಗುತ್ತಿತ್ತು. ಒಲೆಯ ಮೇಲಿನ ಅನ್ನ ಅರೆಬೆಂದು ನಿಲ್ಲುತ್ತಿತ್ತು.

ನಿಮ್ಮ ಪತಿಯೋ ಮಗನೋ ದುಬೈಗೆ, ದಮ್ಮಾಮಿಗೆ ಹೋಗುವ ವಿಮಾನ ಉರಿಸುವುದೂ ಹೆಚ್ಚುಕಡಿಮೆ ಇದೇ ಎಣ್ಣೆಯನ್ನು ಎಂದರೆ ನಿಮಗೆ ಅಚ್ಚರಿಯಾಗಬಹುದು. ಅದನ್ನು ಹೆಚ್ಚು ಶುದ್ಧಗೊಳಿಸಿ, ಪರೀಕ್ಷಿಸಿ, ಎಟಿಎಫ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಮೂಲದಲ್ಲಿ ಅದು ಸೀಮೆಎಣ್ಣೆಯ ಜಾತಿಯದ್ದೇ. ಸ್ಟೌವಿಗೆ ಬರುವ ಎರಡು ಕಾಯಿಲೆಗಳು, ಅಂದರೆ ತೂತು ಕಟ್ಟಿಕೊಳ್ಳುವುದು ಮತ್ತು ನೀರು ಸೇರುವುದು, ವಿಮಾನಕ್ಕೂ ಬರುತ್ತವೆ. ವ್ಯತ್ಯಾಸ ಇಷ್ಟೇ. ಅಡುಗೆಮನೆಯಲ್ಲಿ ಸ್ಟೌ ಆರಿದರೆ ಮತ್ತೆ ಹಚ್ಚಬಹುದು. ಆಕಾಶದಲ್ಲಿ ಆ ಅವಕಾಶ ಎಲ್ಲ ಸಲವೂ ಸಿಗುವುದಿಲ್ಲ.

2025ರ ಜೂನ್ 12ರಂದು ಅಹ್ಮದಾಬಾದಿನಲ್ಲಿ ನಡೆದ ದುರಂತವನ್ನು ಯಾರೂ ಮರೆತಿಲ್ಲ. ವಿಮಾನದಲ್ಲಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಬದುಕುಳಿದರು. ಜುಲೈಯಲ್ಲಿ ಬಂದ ಪ್ರಾಥಮಿಕ ವರದಿ, ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಎರಡೂ ಎಂಜಿನುಗಳ ಇಂಧನ ಸ್ವಿಚ್ಚುಗಳು ಒಂದರ ಹಿಂದೊಂದು ‘ಕಟ್ ಆಫ್’ ಸ್ಥಿತಿಗೆ ಹೋದವು ಎಂದು ತಿಳಿಸಿತು. ವಿಮಾನದಲ್ಲಿ ಎಣ್ಣೆ ತುಂಬಿತ್ತು, ಆದರೆ ಎಂಜಿನಿಗೆ ಅದು ತಲುಪಲಿಲ್ಲ. ಅಂದಿನಿಂದ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಕೇಳಿಬಂತು. ವಿಮಾನದ ಎಣ್ಣೆ ಎಲ್ಲಿರುತ್ತದೆ? ಎಂಜಿನಿಗೆ ಹೇಗೆ ಹೋಗುತ್ತದೆ? ಇದನ್ನು ಒಂದು ಸಣ್ಣ ವಿಮಾನದ ಮೂಲಕ ತಿಳಿದುಕೊಳ್ಳುವುದು ಸುಲಭ.

ಸಣ್ಣ ವಿಮಾನ, ನಿಲ್ಲದ ಜ್ವಾಲೆ

ಸಣ್ಣ ವಿಮಾನಗಳಲ್ಲಿ ಎರಡು ವಿಧ. ಕೆಲವದರಲ್ಲಿ ಕಾರಿನಲ್ಲಿರುವಂತಹ ಪಿಸ್ಟನ್ ಎಂಜಿನ್ ಇರುತ್ತದೆ. ಅವು ವಿಶೇಷ ಪೆಟ್ರೋಲ್ ಕುಡಿಯುತ್ತವೆ. ಇನ್ನು ಕೆಲವದರಲ್ಲಿ ಟರ್ಬೈನ್ ಎಂಜಿನ್ ಇರುತ್ತದೆ. ಅವಕ್ಕೆ ಎಟಿಎಫ್ ಬೇಕು. ಟರ್ಬೈನ್ ಎಂದರೆ ಬಿಸಿಗಾಳಿಯ ರಭಸಕ್ಕೆ ತಿರುಗುವ ಚಕ್ರ. ಮುಂದಿನಿಂದ ಗಾಳಿಯನ್ನು ಎಳೆದು ಒತ್ತಿ, ಅದರಲ್ಲಿ ಎಣ್ಣೆ ಉರಿಸಿ, ಆ ಬಿಸಿಗಾಳಿಯಿಂದ ಚಕ್ರ ತಿರುಗಿಸುತ್ತಾರೆ. ಆ ಚಕ್ರ ಹಲ್ಲುಗಾಲಿಗಳ ಮೂಲಕ ಮೂತಿಯಲ್ಲಿರುವ ಪ್ರೊಪೆಲ್ಲರನ್ನು ತಿರುಗಿಸುತ್ತದೆ.

ಇಂತಹ ಎಂಜಿನುಗಳಲ್ಲಿ ತೀರಾ ಹೆಸರುವಾಸಿಯಾದುದು ಕೆನಡಾದಲ್ಲಿ 1960ರ ದಶಕದಿಂದ ತಯಾರಾಗುತ್ತಿರುವ ಪಿಟಿ-6. ಮಾಲ್ದೀವ್ಸ್‌ನ ದ್ವೀಪಗಳ ನಡುವೆ ನೀರಿನ ಮೇಲೆ ಇಳಿದು ಏರುವ ಟ್ವಿನ್ ಓಟರ್ ವಿಮಾನಗಳಲ್ಲಿ ಇದೇ ಎಂಜಿನ್ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿ 2004ರಲ್ಲಿ ಮೊದಲ ಬಾರಿಗೆ ಹಾರಿಸಿದ ‘ಸರಸ್’ ವಿಮಾನಕ್ಕೂ ಇದೇ ಕುಟುಂಬದ ಎರಡು ಎಂಜಿನುಗಳನ್ನು ಜೋಡಿಸಿದ್ದರು. ‘ಸರಸ್’ನ ಎರಡನೆಯ ಮಾದರಿ 2009ರ ಮಾರ್ಚ್ 6ರಂದು ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಹಾರುತ್ತಿರುವಾಗಲೇ ಒಂದು ಎಂಜಿನನ್ನು ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯನ್ನು ಅವರು ಅಂದು ನಡೆಸುತ್ತಿದ್ದರು. ಆರಿದ ಜ್ವಾಲೆಯನ್ನು ಆಕಾಶದಲ್ಲಿ ಮತ್ತೆ ಹೊತ್ತಿಸುವುದು ಎಷ್ಟು ಕಷ್ಟದ ಕೆಲಸ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಉದಾಹರಣೆ ಇದು.

ಟರ್ಬೈನಿನಲ್ಲಿ ಕಿಡಿ ಬೇಕಾಗುವುದು ಮುಖ್ಯವಾಗಿ ಹಚ್ಚುವಾಗ. ಒಮ್ಮೆ ಹೊತ್ತಿಕೊಂಡರೆ ಎಣ್ಣೆ ಬರುತ್ತಿರುವ ತನಕ ಜ್ವಾಲೆ ತಾನಾಗಿ ಉರಿಯುತ್ತಲೇ ಇರುತ್ತದೆ. ಪಿಟಿ-6ರ ಒಳಚಕ್ರ ನಿಮಿಷಕ್ಕೆ 30,000ಕ್ಕಿಂತಲೂ ಹೆಚ್ಚು ಸುತ್ತು ತಿರುಗುತ್ತದೆ. ಎಣ್ಣೆಯ ಧಾರೆ ಕ್ಷಣಕಾಲ ತಪ್ಪಿದರೂ ಜ್ವಾಲೆ ಆರಬಹುದು. ಆದ್ದರಿಂದಲೇ ಎಣ್ಣೆಯ ಹಾದಿಯನ್ನು ಅಷ್ಟು ಜಾಗ್ರತೆಯಿಂದ ಕಟ್ಟಿರುತ್ತಾರೆ.

ಎಣ್ಣೆಯ ಹಾದಿ

ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗುವ ಪಿಲಾಟಸ್ ಪಿಸಿ-12 ಎಂಬ ಒಂಟಿ ಎಂಜಿನಿನ ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಎಣ್ಣೆ ಟ್ಯಾಂಕಿ ಎಲ್ಲಿದೆ ಗೊತ್ತೇ? ರೆಕ್ಕೆಗಳ ಒಳಗೆ. ರೆಕ್ಕೆಯೊಳಗೆ ಬೇರೆ ಡಬ್ಬಿ ಇಟ್ಟಿರುವುದಿಲ್ಲ, ಬಿಗಿಯಾಗಿ ಮುಚ್ಚಿದ ರೆಕ್ಕೆಯೇ ಟ್ಯಾಂಕಿ. ಎರಡೂ ರೆಕ್ಕೆ ಸೇರಿ ಸುಮಾರು 1,500 ಲೀಟರ್ ಹಿಡಿಯುತ್ತವೆ.

ವಿಮಾನ ವಾಲಿದಾಗ, ಏರಿದಾಗ, ಇಳಿದಾಗ ರೆಕ್ಕೆಯೊಳಗಿನ ಎಣ್ಣೆ ಅತ್ತಿತ್ತ ಹರಿಯುತ್ತದೆ. ಅರ್ಧ ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ನಡೆದವರಿಗೆ ಇದು ಗೊತ್ತು. ಹೀಗೆ ಹರಿದಾಗ ಕೊಳವೆಯ ಬಾಯಿ ಬರಿದಾಗಬಾರದೆಂದು ಪ್ರತಿ ರೆಕ್ಕೆಯ ಬುಡದಲ್ಲಿ ಒಂದು ಸಣ್ಣ ಸಂಗ್ರಹ ತೊಟ್ಟಿ ಇರುತ್ತದೆ. ದೊಡ್ಡ ಟ್ಯಾಂಕಿಯಿಂದ ಎಣ್ಣೆ ಸದಾ ಈ ತೊಟ್ಟಿಗೆ ಬಂದು ತುಂಬಿಕೊಳ್ಳುತ್ತಿರುತ್ತದೆ. ಎಂಜಿನಿಗೆ ಹೋಗುವುದು ಈ ತೊಟ್ಟಿಯಿಂದಲೇ.

ಹೀಗೆ ಎಣ್ಣೆಯನ್ನು ಎಳೆಯುವ ಮುಖ್ಯ ಪಂಪಿಗೆ ಮೋಟಾರೂ ಇಲ್ಲ, ಚಕ್ರವೂ ಇಲ್ಲ. ಬಾವಿಗೆ ‘ಜೆಟ್ ಪಂಪ್’ ಹಾಕಿಸಿಕೊಂಡವರಿಗೆ ಇದರ ಗುಟ್ಟು ಬೇಗ ಅರ್ಥವಾಗುತ್ತದೆ. ಅದರಲ್ಲಿ ಎರಡು ಪೈಪುಗಳಿರುತ್ತವೆ. ಒಂದರಲ್ಲಿ ಸ್ವಲ್ಪ ನೀರನ್ನು ರಭಸವಾಗಿ ಕೆಳಕ್ಕೆ ಕಳಿಸಿ ಸಣ್ಣ ಬಾಯಿಯಿಂದ ಚಿಮ್ಮಿಸುತ್ತಾರೆ. ಆ ಚಿಮ್ಮುವ ಧಾರೆ ಸುತ್ತಲಿನ ನೀರನ್ನೂ ತನ್ನೊಡನೆ ಸೆಳೆದುಕೊಂಡು ಇನ್ನೊಂದು ಪೈಪಿನಲ್ಲಿ ಮೇಲೆ ತರುತ್ತದೆ. ವಿಮಾನದಲ್ಲೂ ಹಾಗೆಯೇ. ಎಂಜಿನಿನ ಪಂಪಿನಿಂದ ಸ್ವಲ್ಪ ಎಣ್ಣೆ ರೆಕ್ಕೆಗೆ ಮರಳಿ ಬಂದು, ಸಣ್ಣ ಬಾಯಿಯಿಂದ ಚಿಮ್ಮಿ, ತನಗಿಂತ ಹೆಚ್ಚು ಎಣ್ಣೆಯನ್ನು ಎಳೆದು ಮುಂದಕ್ಕೆ ದೂಡುತ್ತದೆ. ತಿರುಗುವ ಭಾಗವೇ ಇಲ್ಲದ್ದರಿಂದ ಸವೆಯುವ ಚಿಂತೆ ಇಲ್ಲ, ಕರೆಂಟು ಹೋದರೂ ಅದು ನಿಲ್ಲುವುದಿಲ್ಲ.

ಜೊತೆಗೆ ಪ್ರತಿ ರೆಕ್ಕೆಯಲ್ಲಿ ಒಂದೊಂದು ವಿದ್ಯುತ್ ಪಂಪೂ ಇರುತ್ತದೆ. ಎಂಜಿನ್ ಹಚ್ಚುವಾಗ ಅದು ಬೇಕು. ಹಾರುತ್ತಿರುವಾಗ ಎಣ್ಣೆಯ ಒತ್ತಡ ಕುಸಿದರೆ ಅದು ತಾನಾಗಿಯೇ ಚಾಲೂ ಆಗುತ್ತದೆ. ಒಂದು ರೆಕ್ಕೆಯಲ್ಲಿ ಎಣ್ಣೆ ಹೆಚ್ಚು ಉಳಿದರೆ, ಆ ಬದಿಯ ಪಂಪು ಓಡಿಸಿ ಸರಿದೂಗಿಸುವುದೂ ಇದರಿಂದಲೇ.

ಮುಂದೆ ಎಣ್ಣೆಗೆ ಒಂದು ಬಾಗಿಲು ಸಿಗುತ್ತದೆ. ಎಂಜಿನಿಗೆ ಬೆಂಕಿ ಹತ್ತಿದರೆ ಎಣ್ಣೆಯನ್ನು ಅಲ್ಲೇ ತಡೆಯುವ ಕವಾಟ ಅದು. ನಮ್ಮ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿನಂತೆ. ಆಮೇಲೆ ಕಸ ಹಿಡಿಯುವ ಫಿಲ್ಟರ್. ಅನಂತರ ಎಂಜಿನಿನ ಬಿಸಿ ಆಯಿಲ್‌ನಿಂದ ಎಣ್ಣೆಯನ್ನು ಬೆಚ್ಚಗೆ ಮಾಡುವ ಹೀಟರ್. ಆಮೇಲೆ ಹೆಚ್ಚಿನ ಒತ್ತಡದ ಪಂಪ್. ಅದರಾಚೆ, ಪೈಲಟ್ ಲಿವರ್ ಒತ್ತಿದ್ದಕ್ಕೆ ತಕ್ಕಂತೆ ಎಷ್ಟು ಎಣ್ಣೆ ಬೇಕೆಂದು ಅಳೆದು ಬಿಡುವ ನಿಯಂತ್ರಕ. ಕೊನೆಗೆ 14 ಸಣ್ಣ ನಳಿಕೆಗಳು. ನಮ್ಮ ಸ್ಟೌವಿನ ಒಂದೇ ತೂತಿನ ಕೆಲಸವನ್ನು ಇಲ್ಲಿ 14 ತೂತುಗಳು ಮಾಡುತ್ತವೆ. ಎಣ್ಣೆ ಮಂಜಿನಂತೆ ಚಿಮ್ಮಿ ಉರಿಯುತ್ತದೆ.

ಈ ಹಾದಿಯಲ್ಲಿ ಫಿಲ್ಟರ್ ಮೊದಲು, ಹೀಟರ್ ಆಮೇಲೆ ಎಂಬುದನ್ನು ನೆನಪಿಡಿ. ಮುಂದಿನ ಕಥೆ ನಿಂತಿರುವುದು ಅದರ ಮೇಲೆ.

ಅರ್ಧ ಲೋಟ ನೀರು

ಎಷ್ಟೇ ಶುದ್ಧ ಮಾಡಿದರೂ ಎಣ್ಣೆಯಲ್ಲಿ ಕಣ್ಣಿಗೆ ಕಾಣದಷ್ಟು ನೀರು ಕರಗಿರುತ್ತದೆ. ಸಾವಿರ ಲೀಟರಿಗೆ ಒಂದು ಲೋಟಕ್ಕಿಂತಲೂ ಕಡಿಮೆ. ಗಾಳಿಯ ತೇವ ಟ್ಯಾಂಕಿಯ ಗೋಡೆಗೆ ಹನಿಕಟ್ಟಿಯೂ ನೀರು ಸೇರುತ್ತದೆ. ನೀರು ಎಣ್ಣೆಗಿಂತ ಭಾರ. ಆದ್ದರಿಂದ ಅದು ತಳಕ್ಕಿಳಿಯುತ್ತದೆ. ಡಬ್ಬದ ತಳದ ಎಣ್ಣೆಯನ್ನು ಸ್ಟೌವಿಗೆ ಸುರಿಯಬೇಡ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಹಾರಾಟಕ್ಕೆ ಮೊದಲು ಟ್ಯಾಂಕಿಯ ತಳದಿಂದ ಸ್ವಲ್ಪ ಎಣ್ಣೆಯನ್ನು ಪಾರದರ್ಶಕ ಪಾತ್ರೆಗೆ ಬಿಟ್ಟು, ನೀರಿದೆಯೇ, ಕಸವಿದೆಯೇ ಎಂದು ನೋಡುವುದು ಸಣ್ಣ ವಿಮಾನಗಳ ದಿನನಿತ್ಯದ ಕ್ರಮ.

ಆದರೆ ಕರಗಿರುವ ನೀರು ಹಾಗೆ ಕಾಣಿಸುವುದಿಲ್ಲ. 25,000 ಅಡಿ ಎತ್ತರದಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ ಸುಮಾರು 35 ಡಿಗ್ರಿ ಕೆಳಗಿರುತ್ತದೆ. ರೆಕ್ಕೆಯೊಳಗಿನ ಎಣ್ಣೆ ತಣ್ಣಗಾದಂತೆ ನೀರು ಹೊರಬಂದು ಸೂಕ್ಷ್ಮ ಹನಿಗಳಾಗಿ, ಹರಳುಗಳಾಗಿ ಗಟ್ಟಿಯಾಗುತ್ತದೆ. ಆ ಹರಳುಗಳು ಒಟ್ಟುಗೂಡಿ ಫಿಲ್ಟರಿನ ಮೇಲೆ, ಪಂಪಿನ ಜಾಲರಿಯ ಮೇಲೆ ಕೂರುತ್ತವೆ.

ದೊಡ್ಡ ವಿಮಾನಗಳು ಎಂಜಿನಿನ ಬಿಸಿಯಿಂದ ಎಣ್ಣೆಯನ್ನು ಕಾಯಿಸಿ ಇದನ್ನು ನಿಭಾಯಿಸುತ್ತವೆ. ಅಲ್ಲೂ ಒಮ್ಮೆ ಎಡವಟ್ಟಾಗಿದೆ. 2008ರ ಜನವರಿ 17ರಂದು ಬೀಜಿಂಗಿನಿಂದ ಲಂಡನ್ನಿಗೆ ಬಂದ ಬೋಯಿಂಗ್ 777 ಇನ್ನೇನು ಇಳಿಯಬೇಕು ಎನ್ನುವಾಗ ಎರಡೂ ಎಂಜಿನುಗಳ ಶಕ್ತಿ ಕುಸಿಯಿತು. ಕೊಳವೆಯಲ್ಲಿ ಕಟ್ಟಿದ್ದ ಮಂಜು ಕಳಚಿ ಬಂದು, ಕಾಯಿಸುವ ಉಪಕರಣದ ಮುಖವನ್ನೇ ಮುಚ್ಚಿಬಿಟ್ಟಿತ್ತು. ವಿಮಾನ ರನ್‌ವೇಗಿಂತ ಮುಂಚೆಯೇ ಹುಲ್ಲಿನ ಮೇಲೆ ಬಿದ್ದರೂ ಅದರಲ್ಲಿದ್ದ 152 ಮಂದಿಯೂ ಬದುಕಿದರು. ಅನಂತರ ಆ ಉಪಕರಣದ ವಿನ್ಯಾಸವನ್ನೇ ಬದಲಿಸಲಾಯಿತು.

ಅನೇಕ ಸಣ್ಣ ಟರ್ಬೈನ್ ವಿಮಾನಗಳಲ್ಲಿ ಉಪಾಯ ಬೇರೆ. ಎಣ್ಣೆ ತುಂಬುವಾಗಲೇ ಅದಕ್ಕೆ ಮಂಜುನಿರೋಧಕ ದ್ರವವೊಂದನ್ನು ಸೇರಿಸುತ್ತಾರೆ. ಅದು ನೀರಿನ ಜೊತೆ ಬೆರೆತು ನೀರು ಗಟ್ಟಿಯಾಗದಂತೆ ತಡೆಯುತ್ತದೆ. ಬೇಕಾಗುವ ಪ್ರಮಾಣ ಸಾವಿರ ಲೀಟರಿಗೆ ಒಂದರಿಂದ ಒಂದೂವರೆ ಲೀಟರ್ ಮಾತ್ರ. ಹೊರಗಿನ ಉಷ್ಣತೆ ಸೊನ್ನೆಗಿಂತ ಕೆಳಗಿದ್ದರೆ ಇದನ್ನು ಸೇರಿಸಲೇಬೇಕು ಎಂದು ಪಿಸಿ-12ರ ಕೈಪಿಡಿ ಹೇಳುತ್ತದೆ.

ಬ್ಯೂಟ್‌ನಲ್ಲಿ ನಡೆದದ್ದು

2009ರ ಮಾರ್ಚ್ 22, ಭಾನುವಾರ. ಸರಸ್ ದುರಂತ ನಡೆದು ಹದಿನಾರು ದಿನಗಳಾಗಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಒಂದು ಪಿಸಿ-12 ವಿಮಾನ ಮೊಂಟಾನಾ ರಾಜ್ಯದತ್ತ ಹೊರಟಿತು. ಅದರಲ್ಲಿ ಮೂವರು ದಂಪತಿಗಳು ಮತ್ತು ಅವರ ಏಳು ಮಕ್ಕಳಿದ್ದರು. ಮಕ್ಕಳ ವಯಸ್ಸು ಒಂದರಿಂದ ಒಂಬತ್ತು. ಹಿಮದ ಬೆಟ್ಟಗಳಲ್ಲಿ ರಜೆ ಕಳೆಯಲು ಹೊರಟಿದ್ದ ಕುಟುಂಬಗಳು. ವಿಮಾನದಲ್ಲಿದ್ದ ಆಸನಗಳಿಗಿಂತ ಹತ್ತಿದವರ ಸಂಖ್ಯೆಯೇ ಹೆಚ್ಚು. ಪೈಲಟ್ ಸಾವಿರಾರು ಗಂಟೆ ಹಾರಿದ ಅನುಭವಿ.

ಅಂದು ತುಂಬಿಸಿದ ಎಣ್ಣೆಗೆ ಮಂಜುನಿರೋಧಕ ದ್ರವ ಸೇರಿಸಿರಲಿಲ್ಲ.

ವಿಮಾನ ಎತ್ತರದ ಚಳಿಯಲ್ಲಿ ಹಾರತೊಡಗಿದ ಮೇಲೆ ಮಂಜಿನ ಹರಳುಗಳು ಕಟ್ಟತೊಡಗಿದವು. ಹೀಟರ್ ಇತ್ತು ನಿಜ, ಆದರೆ ಮಂಜು ಅಲ್ಲಿಗೆ ತಲುಪುವ ಮೊದಲೇ ಹಾದಿ ಕಟ್ಟಿಕೊಂಡಿತ್ತು. ಒತ್ತಡ ಕುಸಿದಾಗ ವಿದ್ಯುತ್ ಪಂಪುಗಳು ತಾವಾಗಿ ಚಾಲೂ ಆದವು. ಆದರೆ ಎಡರೆಕ್ಕೆಯ ಎಣ್ಣೆ ಸರಿಯಾಗಿ ಬರಲಿಲ್ಲ. ಎಂಜಿನ್ ಬಲರೆಕ್ಕೆಯ ಎಣ್ಣೆಯನ್ನೇ ಕುಡಿಯುತ್ತಾ ಹೋಯಿತು. ಬಲರೆಕ್ಕೆ ಹಗುರವಾಗುತ್ತಿದ್ದಂತೆ ಎಡರೆಕ್ಕೆ ಭಾರವಾಗಿಯೇ ಉಳಿಯಿತು. ಒಂದು ಬದಿಗೆ ಮಾತ್ರ ಕಲ್ಲಿಟ್ಟ ತಕ್ಕಡಿಯಂತೆ.

ಎರಡು ರೆಕ್ಕೆಗಳ ನಡುವಿನ ವ್ಯತ್ಯಾಸ ಸುಮಾರು 100 ಲೀಟರ್ ಮೀರಿದರೆ ಆದಷ್ಟು ಬೇಗ ಇಳಿಯಬೇಕು ಎಂಬುದು ಕೈಪಿಡಿಯ ನಿಯಮ. ಎಣ್ಣೆ ಎಷ್ಟಿದೆ ಎಂದು ತೋರಿಸುವ ಪಟ್ಟಿಗಳು ಪೈಲಟ್ ಕಣ್ಣೆದುರಿಗೇ ಇದ್ದವು. ದಾರಿಯುದ್ದಕ್ಕೂ ಇಳಿಯಬಹುದಾದ ನಿಲ್ದಾಣಗಳೂ ಇದ್ದವು. ಆದರೂ ವಿಮಾನ ಮುಂದಕ್ಕೇ ಸಾಗಿತು. ಕೊನೆಗೆ ಬ್ಯೂಟ್ ಎಂಬ ಊರಿನತ್ತ ತಿರುಗಿಸಲು ಪೈಲಟ್ ಅನುಮತಿ ಕೇಳಿದರು. ಕಾರಣ ಹೇಳಲಿಲ್ಲ. ಅಷ್ಟರಲ್ಲಿ ವ್ಯತ್ಯಾಸ ಮಿತಿಯನ್ನು ಹಲವು ಪಟ್ಟು ಮೀರಿತ್ತು. ನಿಲ್ದಾಣದ ಬಳಿ ವೇಗ ಇಳಿಸಿ ತಿರುಗುತ್ತಿರುವಾಗ ವಿಮಾನ ಎಡಕ್ಕೆ ವಾಲಿ, ಹತೋಟಿ ತಪ್ಪಿ, ನಿಲ್ದಾಣದ ಪಕ್ಕದಲ್ಲೇ ಇದ್ದ ಸ್ಮಶಾನದೊಳಗೆ ಬಿದ್ದು ಉರಿಯಿತು. ಹದಿನಾಲ್ಕು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ಸಣ್ಣ ವಿಮಾನದಲ್ಲಿ ಬ್ಲ್ಯಾಕ್ ಬಾಕ್ಸ್ ಇರಲಿಲ್ಲ. ಆದರೆ ಎಚ್ಚರಿಕೆ ದೀಪಗಳನ್ನು ನಿಯಂತ್ರಿಸುವ ಪೆಟ್ಟಿಗೆಯ ಒಂದು ಮೆಮೊರಿ ಚಿಪ್ ಬೆಂಕಿಯಲ್ಲೂ ಉಳಿದಿತ್ತು. ಯಾವ ಪಂಪು ಯಾವಾಗ ಚಾಲೂ ಆಯಿತು, ಎಣ್ಣೆಯ ಒತ್ತಡ ಯಾವಾಗ ಕುಸಿಯಿತು ಎಂಬುದನ್ನು ತನಿಖೆಗಾರರು ಅದರಿಂದಲೇ ಓದಿಕೊಂಡರು. 2011ರ ಜುಲೈಯಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನ್ನ ತೀರ್ಮಾನ ನೀಡಿತು. ಮಂಜುನಿರೋಧಕ ದ್ರವ ಸೇರಿಸದಿದ್ದುದು, ಸೂಚನೆ ಕಂಡ ಮೇಲೂ ಸಕಾಲದಲ್ಲಿ ಇಳಿಯದಿದ್ದುದು, ಕೊನೆಗೆ ಹತೋಟಿ ತಪ್ಪಿದ್ದು, ಇವು ಅದು ಗುರುತಿಸಿದ ಕಾರಣಗಳು. ಇಂತಹ ದ್ರವ ಬೇಕಾದ ವಿಮಾನಗಳಲ್ಲಿ ಎಣ್ಣೆ ತುಂಬುವ ಬಾಯಿಯ ಪಕ್ಕದಲ್ಲೇ ಅದನ್ನು ಬರೆದಿರಬೇಕು ಎಂದೂ ಮಂಡಳಿ ಸಲಹೆ ನೀಡಿತು.

ಲೆಕ್ಕ ಹಾಕಿ ನೋಡಿ. ಟ್ಯಾಂಕಿ ಪೂರ್ತಿ ತುಂಬಿಸಿದರೂ ಬೇಕಾಗುತ್ತಿದ್ದ ದ್ರವ ಒಂದೂವರೆ ಲೀಟರಿನಿಂದ ಎರಡೂಕಾಲು ಲೀಟರ್. ನಮ್ಮ ಮನೆಗೆ ಬೆಳಗ್ಗೆ ಬರುವ ಹಾಲಿನಷ್ಟು.

ಸುಳ್ಳು ಹೇಳಿದ ಮೀಟರ್

ಎಣ್ಣೆಯ ಹಾದಿ ಸರಿಯಿದ್ದು, ಅಳತೆ ತಪ್ಪಿದರೂ ಅನಾಹುತವೇ. ನಮ್ಮ ರಾಜ್ಯದ ಸಣ್ಣ ನಿಲ್ದಾಣಗಳಿಗೆ ಬರುವ, ಎರಡು ಪ್ರೊಪೆಲ್ಲರಿನ ಎಟಿಆರ್ 72 ವಿಮಾನವನ್ನು ನಿಮ್ಮಲ್ಲಿ ಕೆಲವರಾದರೂ ಹತ್ತಿರಬಹುದು. ಅದಕ್ಕೆ ಎಟಿಆರ್ 42 ಎಂಬ ತಮ್ಮನೊಬ್ಬನಿದ್ದಾನೆ. ಇಬ್ಬರ ಎಣ್ಣೆ ಮೀಟರುಗಳೂ ನೋಡಲು ಒಂದೇ ತರಹ, ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಆದರೆ ಟ್ಯಾಂಕಿಗಳ ಆಕಾರ ಬೇರೆಯಾದ್ದರಿಂದ ಲೆಕ್ಕವೇ ಬೇರೆ.

2005ರ ಆಗಸ್ಟ್‌ನಲ್ಲಿ ಟುನೀಸಿಯಾದ ಒಂದು ಎಟಿಆರ್ 72ಕ್ಕೆ ಮೀಟರ್ ಬದಲಿಸುವಾಗ ಎಟಿಆರ್ 42ರ ಮೀಟರನ್ನು ಜೋಡಿಸಿಬಿಟ್ಟರು. ಮರುದಿನ, ಆಗಸ್ಟ್ 6ರಂದು, ಅದು ಇಟಲಿಯ ಬಾರಿಯಿಂದ ಟುನೀಸಿಯಾದ ಜೆರ್ಬಾ ದ್ವೀಪಕ್ಕೆ 39 ಮಂದಿಯೊಡನೆ ಹೊರಟಿತು. ಸಾಕಷ್ಟು ಎಣ್ಣೆ ಇದೆ ಎಂದು ಮೀಟರ್ ತೋರಿಸುತ್ತಿತ್ತು. ನಿಜದಲ್ಲಿ ಟ್ಯಾಂಕಿ ಬರಿದಾಗುತ್ತಿತ್ತು. ದಾರಿಯಲ್ಲಿ ಎರಡೂ ಎಂಜಿನುಗಳು ನಿಂತವು. ಎಣ್ಣೆ ಇದೆಯೆಂದೇ ನಂಬಿದ್ದ ಪೈಲಟುಗಳು ಅವನ್ನು ಮತ್ತೆ ಹೊತ್ತಿಸಲು ಹೆಣಗಿದರು. ವಿಮಾನ ಪಲೆರ್ಮೊ ಬಳಿ ಸಮುದ್ರಕ್ಕೆ ಇಳಿಯಿತು. 16 ಮಂದಿ ಅಸುನೀಗಿದರು, 23 ಮಂದಿ ಬದುಕಿದರು. ಮೀಟರನ್ನಷ್ಟೇ ನಂಬದೆ, ಎಷ್ಟು ಇತ್ತು, ಎಷ್ಟು ಉರಿಯಿತು, ಎಷ್ಟು ತುಂಬಿದೆವು ಎಂದು ಕಾಗದದ ಮೇಲೆ ಕೂಡಿ ಕಳೆದಿದ್ದರೆ ತಪ್ಪು ಸಿಗುತ್ತಿತ್ತು. ತಿಂಗಳ ಕೊನೆಯಲ್ಲಿ ಮನೆಖರ್ಚಿನ ಪುಸ್ತಕ ತೆರೆದು ಕೂರುವ ಗೃಹಿಣಿ ಮಾಡುವುದು ಇದನ್ನೇ ಅಲ್ಲವೇ?

ನಮ್ಮ ಕೈಯಲ್ಲಿರುವುದು

ಇಷ್ಟೆಲ್ಲ ಓದಿ ವಿಮಾನವೆಂದರೆ ಭಯ ಪಡಬೇಕಾಗಿಲ್ಲ. ಪ್ರತಿ ದುರಂತದ ಬಳಿಕ ಕಾರಣ ಹುಡುಕಿ, ಬರೆದಿಟ್ಟು, ತಿದ್ದಿಕೊಳ್ಳುವ ಪದ್ಧತಿ ಇರುವುದರಿಂದಲೇ ಇಂದು ಲಕ್ಷಾಂತರ ಜನ ನಿಶ್ಚಿಂತೆಯಿಂದ ಹಾರುತ್ತಾರೆ. ಎಣ್ಣೆಗೆ ದ್ರವ ಬೆರೆಸುವುದಾಗಲಿ, ಮೀಟರ್ ಪರೀಕ್ಷಿಸುವುದಾಗಲಿ ಪ್ರಯಾಣಿಕರಾದ ನಮ್ಮ ಕೈಯಲ್ಲಿಲ್ಲ.

ಆದರೆ ಒಂದು ವಿಷಯ ನಮ್ಮ ಕೈಯಲ್ಲಿದೆ. ಬ್ಯೂಟ್ ದುರಂತದ ತನಿಖೆಯಲ್ಲಿ ಇನ್ನೊಂದು ಅಂಶವೂ ಹೊರಬಂತು. ಆ ಏಳು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ಬೆಲ್ಟ್ ಹಾಕಿರಲಿಲ್ಲ, ಅಥವಾ ಸರಿಯಾಗಿ ಹಾಕಿರಲಿಲ್ಲ. ಆ ದಿನದ ಅಪಘಾತದಲ್ಲಿ ಬೆಲ್ಟ್ ಇದ್ದರೂ ಯಾರೂ ಉಳಿಯುತ್ತಿರಲಿಲ್ಲ. ಆದರೂ ಈ ವಿಷಯವನ್ನು ಮಂಡಳಿ ಹಗುರವಾಗಿ ಬಿಡಲಿಲ್ಲ. ಎರಡು ವರ್ಷದೊಳಗಿನ ಮಗುವಿಗೂ ಪ್ರತ್ಯೇಕ ಆಸನ, ಪ್ರತ್ಯೇಕ ಬಂಧ ಇರಬೇಕು ಎಂದು ಅದು ಸಲಹೆ ನೀಡಿತು. ಏಕೆಂದರೆ ಗಾಳಿಯ ಒಂದು ದೊಡ್ಡ ಕುಲುಕಾಟಕ್ಕೆ ತಾಯಿಯ ತೋಳು ಎಷ್ಟೇ ಬಿಗಿಯಾಗಿದ್ದರೂ ಮಗುವನ್ನು ಹಿಡಿದಿಡಲಾರದು.

ಮುಂದಿನ ಬಾರಿ ಗಲ್ಫಿಗೋ ಉಮ್ರಾಕ್ಕೋ ಮಕ್ಕಳೊಡನೆ ಹೊರಟಾಗ ಇದನ್ನು ನೆನಪಿಡಿ. ಮಡಿಲ ಕೂಸಿಗೆ ನಿಮ್ಮ ಬೆಲ್ಟಿಗೆ ಸೇರಿಸುವ ಸಣ್ಣ ಬೆಲ್ಟನ್ನು ಗಗನಸಖಿಯರಲ್ಲಿ ಕೇಳಿ ಪಡೆಯಿರಿ. ನಿಮ್ಮ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಬೇಡಿ. ಕುಲುಕಾಟದಲ್ಲಿ ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ದೊಡ್ಡ ಮಗು ನಿದ್ದೆ ಹೋಗಿದ್ದರೂ ಬೆಲ್ಟ್ ಬಿಚ್ಚಬೇಡಿ. ಮಗು ಅಳುತ್ತದೆ, ಬಿಡು ಎಂದು ಪಕ್ಕದವರು ಹೇಳಬಹುದು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎನ್ನಬಹುದು. ದ್ರವ ಸೇರಿಸದೆ ಹಾರಿದ ವಿಮಾನಗಳಿಗೂ ಎಲ್ಲ ದಿನ ಏನೂ ಆಗಿರಲಿಲ್ಲ.

ಅಷ್ಟಕ್ಕೂ ಇದು ವಿಮಾನದ ಮಾತು ಮಾತ್ರವಲ್ಲ. ಗ್ಯಾಸಿನ ಹಳೆಯ ಟ್ಯೂಬು, ಸ್ಕೂಲ್ ಆಟೋದಲ್ಲಿ ತುಂಬಿದ ಮಕ್ಕಳು, ಅಜ್ಜನ ಮಾತ್ರೆಯ ಚೀಟಿಯ ಮೇಲಿನ ದಿನಾಂಕ, ಇವೆಲ್ಲ ನಮ್ಮ ಮನೆಯ ‘ಸಾವಿರಕ್ಕೆ ಒಂದು ಲೀಟರ್’ಗಳು. ನೋಡಲು ಎರಡು ನಿಮಿಷ ಸಾಕು. ಇಂದೇ ಒಮ್ಮೆ ನೋಡಿಬಿಡಿ.